ಮಗು ತಟ್ಟೆ ದೂಡಿದರೆ ರುಚಿ ಅಲ್ಲ, ಹದ ನೋಡಿ

ಮಗು ತಟ್ಟೆ ಆಚೆ ದೂಡಿದ ಕೂಡಲೇ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ಅವನಿಗೆ ಬೆಂಡೆಕಾಯಿ ಆಗೋದಿಲ್ಲ." "ಅವಳು ಬೇಳೆ ಮುಟ್ಟೋದಿಲ್ಲ." ಹಾಗೆ ಒಂದು ಸಲ ತೀರ್ಮಾನ ಆಯಿತು ಅಂದರೆ ಆ ತರಕಾರಿ ಮಗುವಿನ ತಟ್ಟೆಗೆ ಮತ್ತೆ ಬರುವುದೇ ಇಲ್ಲ. ಸ್ವಲ್ಪ ಗಮನ ಇಟ್ಟು ನೋಡಿ. ಸಾಂಬಾರಿನ ಲೋಳೆ ಬೆಂಡೆಕಾಯಿ ಉಗುಳುವ ಮಗುವೇ ಬಾಣಲೆಯಲ್ಲಿ ಗರಿಗರಿಯಾಗಿ ಹುರಿದ ಬೆಂಡೆಕಾಯಿ ಚೂರನ್ನು ಅಪ್ಪನ ತಟ್ಟೆಯಿಂದ ಎತ್ತಿಕೊಂಡು ತಿನ್ನುತ್ತದೆ. ತರಕಾರಿ ಅದೇ, ಬೇರೆಯಾಗಿದ್ದು ಹದ ಮಾತ್ರ. ಒಂದರಿಂದ ಐದು ವರ್ಷದ ಮಕ್ಕಳ ಊಟದ ಜಗಳದಲ್ಲಿ ಅರ್ಧಕ್ಕರ್ಧ ಈ ಹದದ್ದೇ ಜಗಳ ಅಂತ ನನ್ನ ಅನಿಸಿಕೆ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಮುಂಬೈ ಸುತ್ತಿನ ಡೊಂಬಿವಲಿ, ಮುಲುಂಡ್, ಠಾಣೆ ಕಡೆ ಸಣ್ಣ ಫ್ಲ್ಯಾಟುಗಳಲ್ಲಿ ಇದ್ದುಕೊಂಡು, ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಲೋಕಲ್ ಟ್ರೈನ್ ಹಿಡಿದು ಓಡಬೇಕಾದ ನಮ್ಮ ಕನ್ನಡದವರಿಗೆ. ಇಂಥವರಿಗೆ ಮಗುವಿಗೆ ಅಂತ ಬೇರೆ ಅಡುಗೆ ಮಾಡುವುದು ಆಗದ ಹೋಗದ ಮಾತು. ಮಾಡುವುದೂ ಬೇಡ. ಮನೆಯಲ್ಲಿ ಆಗುವ ಅಡುಗೆಯನ್ನೇ ಮಗುವಿನ ಹದಕ್ಕೆ ತಿರುಗಿಸಿಕೊಂಡರೆ ಸಾಕು.

ಮೊದಲು ಒಂದು ವಾರ ಏನನ್ನೂ ಬದಲಾಯಿಸಬೇಡಿ, ಸುಮ್ನೆ ನೋಡಿ. ಯಾರೂ ಹೇಳದೆ ಮಗು ತಾನಾಗಿ ಕೈ ಹಾಕುವುದು ಯಾವುದಕ್ಕೆ ಅಂತ ಫೋನಿನಲ್ಲಿ ಬರೆದಿಡಿ. ತಿಂಡಿಯ ಹೆಸರು ಬರೆದರೆ ಸಾಲದು. ಗರಿಗರಿಯೋ, ಮೆತ್ತಗೋ, ನುಣ್ಣಗೋ, ಜಗಿಯಬೇಕಾದ್ದೋ, ಬಿಸಿ ಇತ್ತೋ ತಣ್ಣಗಿತ್ತೋ, ಕಲಸಿತ್ತೋ ಬಿಡಿಬಿಡಿಯಾಗಿತ್ತೋ, ಅಷ್ಟೂ ಬರೆಯಿರಿ. ವಾರದ ಕೊನೆಗೆ ಓದಿದರೆ ಒಂದು ಜಾಡು ಸಿಗುತ್ತದೆ. ಹಪ್ಪಳ, ಖಾರಿ (ಬೇಕರಿಯ ಪದರ ಪದರದ ಬಿಸ್ಕಿಟ್), ಕುರ್ಮುರಾ (ಮಂಡಕ್ಕಿ), ದೋಸೆಯ ಅಂಚು ಅಂತ ಪಟ್ಟಿ ಇದ್ದರೆ ಅದು ಗರಿಗರಿ ಮಗು. ಮೊಸರನ್ನ, ಬಾಳೆಹಣ್ಣು, ಶಿರಾ ಅಂತಿದ್ದರೆ ಮೆತ್ತನೆಯದಕ್ಕೆ ಒಲಿದ ಮಗು. ಅನ್ನ ಬೇರೆ, ಬೇಳೆ ಬೇರೆ ಇಟ್ಟರೆ ತಿಂದು, ಕಲಸಿ ಕೊಟ್ಟರೆ ಮುಖ ತಿರುಗಿಸುವವರೂ ಇದ್ದಾರೆ. ಅಂಥವರ ಮುಂದೆ ಅಜ್ಜಿಯ ಕೈತುತ್ತಿನ ಹಟವೂ ನಡೆಯುವುದಿಲ್ಲ, ಬಿಡಿಸಿ ಇಟ್ಟುಬಿಡಿ.

ಜಾಡು ಸಿಕ್ಕ ಮೇಲೆ, ಇಷ್ಟದ ತಿಂಡಿಯಿಂದ ಒಂದೊಂದೇ ಮೆಟ್ಟಿಲು ಹತ್ತಿಸಿ. ಬೇಕರಿಯ ಖಾರಿ ತಿನ್ನುವ ಮಗುವಿನ ಮುಂದೆ ಮರುದಿನವೇ ರಾಗಿ ಗಂಜಿ ಇಟ್ಟರೆ ಅದು ಎದ್ದು ಓಡುವುದೇ ಸರಿ. ಅದಕ್ಕೆ ಮೊದಲು ತೆಳ್ಳಗೆ ಹುಯ್ದ ಗರಿ ದೋಸೆ ಕೊಡಿ. ಅದು ಒಗ್ಗಿದ ಮೇಲೆ ಅದೇ ಹಿಟ್ಟಿಗೆ ಎರಡು ಚಮಚ ರಾಗಿ ಹಿಟ್ಟು ಕಲಸಿ, ಕೆಲವು ದಿನ ಬಿಟ್ಟು ಅರ್ಧಕ್ಕರ್ಧ ಮಾಡಿ. ಅದೂ ಹೋಯಿತು ಅಂದರೆ ಅಂಗಡಿಯಿಂದ ಭಾಜಣಿ ಹಿಟ್ಟು (ಧಾನ್ಯ, ಬೇಳೆ ಹುರಿದು ಬೀಸಿದ್ದು) ತಂದು, ಅದಕ್ಕೆ ತುರಿದ ಸೋರೆಕಾಯಿ ಹಾಕಿ, ಅಂಚು ಕೆಂಪಗಾಗುವ ಹಾಗೆ ಸಣ್ಣ ಸಣ್ಣ ಥಾಲಿಪೀಠ ತಟ್ಟಿ. ಹೀಗೆ ಖಾರಿಯಿಂದ ಹೊರಟ ಮಗು ಒಂದೊಂದೇ ಮೆಟ್ಟಿಲು ಹತ್ತಿ ಸೋರೆಕಾಯಿಗೆ ಬಂದು ನಿಂತಿರುತ್ತದೆ. ಮೆತ್ತನೆಯದು ಇಷ್ಟಪಡುವ ಮಗುವಿಗೆ ದಾರಿ ಬೇರೆ: ಮೊಸರನ್ನ, ಆಮೇಲೆ ಮೊಸರವಲಕ್ಕಿ, ಆಮೇಲೆ ತುಪ್ಪ ಹಾಕಿದ ಮೆತ್ತನೆ ಅನ್ನಕ್ಕೆ ಮೇತಕೂಟ್. ಮರಾಠಿ ಮನೆಗಳಲ್ಲಿ ಮಕ್ಕಳಿಗೆ, ಜ್ವರ ಬಂದವರಿಗೆ ಕೊಡುವುದು ಇದನ್ನೇ. ನಮ್ಮ ಮೆಂತ್ಯದ ಹಿಟ್ಟಿನ ದಾಯಾದಿ ಅಂದುಕೊಳ್ಳಿ, ಬೇಳೆ ಧಾನ್ಯಗಳನ್ನು ಹುರಿದು ಪುಡಿ ಮಾಡಿದ್ದು. ಬೇಳೆ ಸೇರದ ಮಗು ಕೂಡ ಈ ರೂಪದಲ್ಲಿ ಬೇಳೆ ತಿಂದುಬಿಡುತ್ತದೆ.

ಇಲ್ಲಿ ಅಕ್ಕಿಯ ವಿಷಯ ಒಂದು ಮಾತು. ಮಹಾರಾಷ್ಟ್ರದಲ್ಲಿ ಇದ್ದು ಇಂದ್ರಾಯಣಿ, ಆಂಬೆಮೋಹರ್ ಅಕ್ಕಿ ಮನೆಗೆ ತರದಿದ್ದರೆ ನಷ್ಟ ನಮಗೇ. ಎರಡೂ ಅಂಟಂಟಾಗಿ, ಮೆತ್ತಗೆ ಆಗುವ ಅಕ್ಕಿ, ಜೊತೆಗೆ ಘಮ ಬೇರೆ. ದೊಡ್ಡವರ ಪುಳಿಯೋಗರೆಗೆ ಇವು ಆಗುವುದಿಲ್ಲ, ಆದರೆ ಮಕ್ಕಳ ಗಂಜಿಗೆ, ಮೆತ್ತನೆ ಅನ್ನಕ್ಕೆ ಇದನ್ನು ಬಿಟ್ಟರೆ ಬೇರೆ ಇಲ್ಲ.

ಖಾರಕ್ಕೆ ಮುಂಚೆ ಮಗುವಿನ ಪಾಲು

ಬೇರೆ ಅಡುಗೆ ಬೇಡ ಅಂದೆನಲ್ಲ, ಅದಕ್ಕೆ ಉಪಾಯ ಇದು. ಸಾಂಬಾರಿಗೆ ಬೇಳೆ, ತರಕಾರಿ ಬೆಂದ ಮೇಲೆ, ಹುಳಿ ಮತ್ತು ಪುಡಿ ಹಾಕುವ ಮುಂಚೆ, ಎರಡು ಸೌಟು ಸಣ್ಣ ಪಾತ್ರೆಗೆ ತೆಗೆದಿಡಿ. ಅದಕ್ಕೆ ತುಪ್ಪ ಜೀರಿಗೆಯ ಒಗ್ಗರಣೆ ಹಾಕಿದರೆ ಮಗುವಿನ ತೊವ್ವೆ ಆಯಿತು. ಕಾಯಿ ಅರೆಯುವ ಪದಾರ್ಥ ಇದ್ದರೆ ಇನ್ನೂ ಸುಲಭ. ಮಿಕ್ಸಿ ಜಾರಿಗೆ ಮೊದಲು ಕಾಯಿ, ಕೊತ್ತಂಬರಿ, ಜೀರಿಗೆ ಮಾತ್ರ ಹಾಕಿ ಒಂದು ಸುತ್ತು ತಿರುಗಿಸಿ, ಎರಡು ಚಮಚ ಮಗುವಿಗೆ ತೆಗೆದುಕೊಳ್ಳಿ. ಆಮೇಲೆ ಮೆಣಸಿನಕಾಯಿ, ಹುಣಸೆಹಣ್ಣು ಹಾಕಿ ನಮ್ಮದನ್ನು ಅರೆಯಿರಿ. ಜಾರ್ ಒಂದೇ, ಒಲೆ ಒಂದೇ, ಹೆಚ್ಚಿಗೆ ತೊಳೆಯಬೇಕಾದ್ದು ಒಂದು ಬಟ್ಟಲು ಅಷ್ಟೇ. ಪಲ್ಯಕ್ಕೂ ಇದೇ ಲೆಕ್ಕ. ಮಸಾಲೆಯ ವಾಸನೆ, ಘಮ ಮಗುವಿಗೆ ತಿಳಿಯಲಿ, ಖಾರ ಮಾತ್ರ ಆಮೇಲೆ ಬರಲಿ. ಏನೂ ಇಲ್ಲದ ಸಪ್ಪೆ ಬೇಳೆಗಿಂತ ಜೀರಿಗೆ, ಇಂಗು, ಕರಿಬೇವು ಬಿದ್ದ ಬೇಳೆ ಮಕ್ಕಳಿಗೆ ಜಾಸ್ತಿ ಇಷ್ಟ ಆಗುತ್ತದೆ, ನೀವೇ ನೋಡಿ.

ಒಂದು ವರ್ಷದ ಒಳಗಿನ ಮಗುವಾದರೆ ಉಪ್ಪು ಹಾಕುವ ಮುಂಚೆಯೇ ತೆಗೆಯಬೇಕು. ಒಂದರಿಂದ ಮೂರು ವರ್ಷದವರಿಗೂ ದಿನಕ್ಕೆ 2 ಗ್ರಾಂ ಉಪ್ಪು ದಾಟದಿದ್ದರೆ ಒಳ್ಳೆಯದು. ಚಹಾ ಚಮಚದಲ್ಲಿ ಅರ್ಧವೂ ಆಗುವುದಿಲ್ಲ ಅದು. ಫರಸಾಣ್ ಅನ್ನುವ ಕುರುಕಲು ತಿಂಡಿ, ವೇಫರ್ಸ್ ಕೈಗೆ ಕೊಟ್ಟರೆ ಈ ಲೆಕ್ಕ ಎಲ್ಲಿ ಉಳಿಯುತ್ತದೆ ಹೇಳಿ.

ನೀರುದೋಸೆ ಮತ್ತು ರಾಗಿ ಮಣ್ಣಿ

ನೀರುದೋಸೆಗೆ ಹುಳಿ ಬರಿಸುವ ಗೋಜಿಲ್ಲ. ಒಂದು ಲೋಟ ಅಕ್ಕಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ನಾಲ್ಕು ಚಮಚ ಕಾಯಿತುರಿ ಜೊತೆ ನುಣ್ಣಗೆ ಅರೆದು, ಹಾಲಿನಷ್ಟು ತೆಳ್ಳಗೆ ನೀರು ಮಾಡಿ. ಕಾವಲಿ ಚೆನ್ನಾಗಿ ಕಾದಿರಬೇಕು, ಹಿಟ್ಟು ಹುಯ್ದ ಕೂಡಲೇ ಚುಂಯ್ ಅಂತ ತೂತು ಬೀಳಬೇಕು. ಮುಚ್ಚಳ ಹಾಕಿ, ಅಂಚು ಏಳುವಾಗ ತೆಗೆಯಿರಿ. ಮಗುಚಿ ಹಾಕಬೇಡಿ. ತೆಗೆದದ್ದನ್ನು ಬಿಸಿಯಲ್ಲೇ ಒಂದರ ಮೇಲೊಂದು ಹಾಕಿದರೆ ಅಂಟಿಕೊಳ್ಳುತ್ತದೆ, ಸ್ವಲ್ಪ ಆರಿದ ಮೇಲೆ ಮಡಚಿ. ಅರೆಯುವಾಗ ಬೀಟ್‌ರೂಟ್ ಒಂದು ಸಣ್ಣ ತುಂಡು ಹಾಕಿದರೆ ಗುಲಾಬಿ ದೋಸೆ, ಪಾಲಕ್ ನಾಲ್ಕು ಎಲೆ ಹಾಕಿದರೆ ಹಸಿರು. ತರಕಾರಿಯನ್ನು ಕದ್ದು ಸೇರಿಸಿ ಮಗುವಿಗೆ ಮೋಸ ಮಾಡುವುದು ನನಗೆ ಇಷ್ಟ ಇಲ್ಲ, ಅದಕ್ಕೆ ಬೀಟ್‌ರೂಟ್ ತುಂಡನ್ನು ಜಾರಿಗೆ ಹಾಕುವ ಕೆಲಸ ಮಗುವಿಗೇ ಕೊಡಿ. ತಾನೇ ಬಣ್ಣ ಹಾಕಿದ ದೋಸೆ ಬಿಡುವ ಮಕ್ಕಳು ಕಡಿಮೆ.

ರಾಗಿಗೆ ಇಲ್ಲಿ ನಾಚಣಿ ಅಂತ ಕೇಳಬೇಕು. ಕೊಂಕಣದಲ್ಲೂ ಕೊಲ್ಹಾಪುರದ ಕಡೆಯೂ ಬೆಳೆಯುತ್ತಾರೆ, ಹಾಗಾಗಿ ಊರಿಂದ ಮೂಟೆ ಹೊತ್ತು ತರಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇರುತ್ತದೆ, ಅಕ್ಕಿ ಗೋಧಿ ಇದರ ಹತ್ತಿರ ಕೂಡ ಬರುವುದಿಲ್ಲ. ಮಣ್ಣಿಗೆ ರಾಗಿ ರಾತ್ರಿ ನೆನೆಹಾಕಿ, ಅರೆದು, ತೆಳು ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯಿರಿ. ಒಂದು ಗಂಟೆ ಬಿಟ್ಟರೆ ಸತ್ವ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಚೆಲ್ಲಿ, ಹೊಸ ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚಿ. ಮೊದಲು ನೀರು ನೀರಾಗಿರುತ್ತದೆ, ಏನೂ ಆಗುತ್ತಿಲ್ಲ ಅಂತ ನೀವು ಅತ್ತ ತಿರುಗಿದ ಕ್ಷಣಕ್ಕೆ ಗಂಟು ಕಟ್ಟುತ್ತದೆ, ಆದ್ದರಿಂದ ಆ ಐದು ನಿಮಿಷ ಫೋನು ಬಂದರೂ ಎತ್ತಬೇಡಿ. ಹೊಳಪು ಬಂದು ಸೌಟಿನಿಂದ ಪದರ ಪದರವಾಗಿ ಬಿದ್ದರೆ ಇಳಿಸಿ. ಎರಡು ವರ್ಷದವರೆಗೆ ಸಕ್ಕರೆ ಬೆಲ್ಲ ಎರಡೂ ಬೇಡ, ವೇಲಚಿ ಬಾಳೆಹಣ್ಣು ಅಂತ ಸಿಗುತ್ತದಲ್ಲ, ನಮ್ಮ ಏಲಕ್ಕಿ ಬಾಳೆ, ಅದನ್ನು ಹಿಸುಕಿ ಸೇರಿಸಿದರೆ ಸಾಕಷ್ಟು ಸಿಹಿ. ತಟ್ಟೆಗೆ ಸುರಿದು ಆರಿಸಿ ತುಂಡು ಮಾಡಿದರೆ ಗಂಜಿ ಮುಟ್ಟದ ಮಗು ಕೈಯಲ್ಲಿ ಹಿಡಿದು ತಿನ್ನುತ್ತದೆ.

ಹೀಗೆ ಸೋಸಿದಾಗ ಸಿಪ್ಪೆಯ ಜೊತೆ ಕ್ಯಾಲ್ಸಿಯಂ ಕೂಡ ಸ್ವಲ್ಪ ಹೋಗುತ್ತದೆ. ಆದ್ದರಿಂದ ವರ್ಷ ದಾಟಿದ ಮೇಲೆ ಮೊಳಕೆ ಬರಿಸಿ ಒಣಗಿಸಿ ಬೀಸಿದ ಇಡೀ ಹಿಟ್ಟಿಗೆ ಬನ್ನಿ. ಮೊಳಕೆಯಲ್ಲಿ ಪಿಷ್ಟ ಒಡೆದಿರುವುದರಿಂದ ಗಂಜಿ ಗಟ್ಟಿಯಾಗುವುದಿಲ್ಲ, ಅಷ್ಟೇ ನೀರಿಗೆ ಜಾಸ್ತಿ ಹಿಟ್ಟು ಹಿಡಿಸುತ್ತದೆ. ಹೊಟ್ಟೆ ಚಿಕ್ಕದು ಇರುವ ಮಗುವಿಗೆ ಇದೇ ಬೇಕಾದ್ದು. ಅಂಗಡಿಯ ನಾಚಣಿ ಸತ್ವವೂ ಆಗುತ್ತದೆ, ಆದರೆ ಪ್ಯಾಕೆಟ್ ತಿರುಗಿಸಿ ಸಕ್ಕರೆ ಇದೆಯಾ ನೋಡಿಕೊಳ್ಳಿ.

ಹೊಸ ರುಚಿ ಹುಡುಕುವುದಕ್ಕೆ ಮಗುವನ್ನು ಮಾರ್ಕೆಟಿಗೆ ಕರೆದುಕೊಂಡು ಹೋಗಿ. ಭಾನುವಾರ ಮಾಟುಂಗಾ ಕಡೆ ಹೋದರೆ ಬಾಳೆಎಲೆ, ಮಂಗಳೂರು ಸೌತೆ, ನೇಂದ್ರ ಬಾಳೆಹಣ್ಣು ಎಲ್ಲ ಒಂದೇ ಕಡೆ. ಒಂದು ತರಕಾರಿ ಮಗುವೇ ಆರಿಸಲಿ, ಅದೇ ಚೀಲಕ್ಕೆ ಹಾಕಲಿ. ಹಣ್ಣಿನಲ್ಲಿ ಇಲ್ಲಿನವರು ಪುಣ್ಯವಂತರು: ಡಹಾಣು ಘೋಲ್ವಡದ ಚಿಕ್ಕು, ಚಳಿಗಾಲದಲ್ಲಿ ಮಹಾಬಳೇಶ್ವರದ ಸ್ಟ್ರಾಬೆರಿ, ಏಪ್ರಿಲ್ ಮೇ ಬಂದರೆ ಹಾಪುಸ್ ಮಾವು. ಚಿಕ್ಕುವಿನ ಬೀಜಕ್ಕೆ ಕೊಕ್ಕೆ ಇರುತ್ತದೆ, ತೆಗೆಯದೆ ಕೊಡಬೇಡಿ. ಮೀನು ತಿನ್ನುವ ಮನೆಯಾದರೆ ಪಾಪ್ಲೆಟ್‌ನಿಂದ (ಪಾಂಫ್ರೆಟ್) ಶುರು ಮಾಡಿ, ಮುಳ್ಳು ಕಡಿಮೆ. ಆದರೂ ಬೆರಳಲ್ಲಿ ಹಿಚುಕಿ ನೋಡಿಯೇ ಕೊಡಬೇಕು.

ತಟ್ಟೆಯ ಮುಂದೆ

ಹೊಸ ಪದಾರ್ಥವನ್ನು ಕಡಲೆಕಾಳಿನಷ್ಟು ಮಾತ್ರ ಇಡಿ, ಪಕ್ಕದಲ್ಲಿ ಮಗು ತಪ್ಪದೆ ತಿನ್ನುವ ಒಂದು ಪದಾರ್ಥ ಇರಲಿ. ತಿನ್ನಲಿಲ್ಲವಾ, ಬಿಡಿ. ಮುಟ್ಟಿತಾ, ಮೂಸಿತಾ, ನೆಕ್ಕಿ ಇಟ್ಟಿತಾ, ಅದೂ ಲೆಕ್ಕಕ್ಕೆ ಬರುತ್ತದೆ. ಒಂದು ರುಚಿ ಒಗ್ಗಲು ಮಗುವಿನ ಮುಂದೆ ಅದು ಎಂಟು ಹತ್ತು ಸಲ, ಕೆಲವರಿಗೆ ಹದಿನೈದು ಸಲ ಬರಬೇಕಾಗುತ್ತದೆ, ನಾವೋ ಎರಡನೇ ಸಲಕ್ಕೇ ಕೈ ಬಿಡುತ್ತೇವೆ. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ನಮ್ಮ ಕೈಯಲ್ಲಿ. ಎಷ್ಟು ತಿನ್ನಬೇಕು ಅನ್ನುವುದು ಅದರ ಹೊಟ್ಟೆಗೆ ಬಿಟ್ಟದ್ದು. "ಇನ್ನೊಂದೇ ತುತ್ತು ಪುಟ್ಟಾ, ಇದು ಅಪ್ಪನದು, ಇದು ಅಜ್ಜಿದು" ಅಂತ ಮೊಬೈಲ್ ತೋರಿಸುತ್ತ ತುರುಕಿದರೆ ಹೊಟ್ಟೆ ತುಂಬಿದ್ದೇ ಮಗುವಿಗೆ ತಿಳಿಯುವುದಿಲ್ಲ.

ಹಸಿವಿಲ್ಲದ ಮಗುವಿಗೆ ಯಾವ ಅಡುಗೆಯೂ ರುಚಿಸುವುದಿಲ್ಲ ಅನ್ನುವುದನ್ನೂ ನೋಡಿಕೊಳ್ಳಿ. ಊಟ, ತಿಂಡಿಗಳ ನಡುವೆ ಎರಡು ಮೂರು ಗಂಟೆ ಬರೀ ನೀರು. ಹಾಲು ದಿನಕ್ಕೆ ಅರ್ಧ ಲೀಟರ್ ಮೀರಿದರೆ ಹಸಿವೂ ಸಾಯುತ್ತದೆ, ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ. ಮಗುವನ್ನು ಪಾಳಣಾಘರದಲ್ಲಿ (ಡೇಕೇರ್) ಬಿಡುವವರು ಅಲ್ಲಿ ಸಂಜೆ ಏನು ಕೊಡುತ್ತಾರೆ ಅಂತ ನೋಡಿಕೊಳ್ಳುವ ಮಾವಶಿ ಹತ್ತಿರ ನಯವಾಗಿ ಕೇಳಿ ತಿಳಿದುಕೊಳ್ಳಿ. ಆರು ಗಂಟೆಗೆ ಬಿಸ್ಕಿಟ್ ತಿಂದ ಮಗು ಎಂಟಕ್ಕೆ ಊಟ ಬೇಡ ಅಂದರೆ ಅದು ಹಟ ಅಲ್ಲ.

ಕೆಲವು ವಿಷಯದಲ್ಲಿ ಮಾತ್ರ ರಾಜಿ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು, ಬೊಟುಲಿಸಂ ಅನ್ನುವ ಕಾಯಿಲೆಯ ಭಯ ಇದೆ, ಅಜ್ಜಿ ಎಷ್ಟೇ ಮುನಿಸಿಕೊಂಡರೂ ಸರಿ. ಇಡೀ ಶೇಂಗಾ, ಕಡಲೆ, ಪಾಪ್‌ಕಾರ್ನ್ ಐದು ವರ್ಷದವರೆಗೆ ಬೇಡ, ಶೇಂಗಾ ಪುಡಿ ಮಾಡಿ ಕೊಡಿ. ದ್ರಾಕ್ಷಿ ಉದ್ದಕ್ಕೆ ನಾಲ್ಕು ಸೀಳು ಮಾಡಿ. ಸಂಕ್ರಾಂತಿಗೆ ಇಲ್ಲಿ ಬೋರನಹಾಣ ಅಂತ ಮಕ್ಕಳ ತಲೆ ಮೇಲೆ ಎಲಚಿಹಣ್ಣು, ಕುರ್ಮುರಾ, ಕಬ್ಬಿನ ತುಂಡು ಸುರಿಯುತ್ತಾರೆ, ನಮ್ಮಲ್ಲೂ ಎರೆಯುತ್ತಾರೆ. ಚೆಂದದ ಪದ್ಧತಿ. ಆದರೆ ನೆಲಕ್ಕೆ ಬಿದ್ದದ್ದನ್ನು ಸಣ್ಣವು ಬಾಯಿಗೆ ಹಾಕಿಕೊಳ್ಳುವ ಮುಂಚೆ ಯಾರಾದರೂ ಆರಿಸಬೇಕು.

ಶಾಲೆಯ ಡಬ್ಬಾಕ್ಕೆ ಹೊಸ ತಿಂಡಿ ಹಾಕಲು ಹೋಗಬೇಡಿ. ಛೋಟಿ ಸುಟ್ಟಿ, ಅಂದರೆ ತಿಂಡಿಯ ಸಣ್ಣ ಬಿಡುವು, ಕೆಲವೇ ನಿಮಿಷ, ಅದರಲ್ಲಿ ಅರ್ಧ ಮಾತಿಗೇ ಹೋಗುತ್ತದೆ. ಮನೆಯಲ್ಲಿ ಆಗಲೇ ಒಗ್ಗಿದ್ದು, ಆರಿದ ಮೇಲೂ ಹದ ಕೆಡದ್ದು, ಒಂದು ಕೈಯಲ್ಲಿ ಹಿಡಿದು ತಿನ್ನುವಂಥದ್ದು ಸಾಕು: ಸಣ್ಣ ಇಡ್ಲಿ, ತರಕಾರಿ ಹಾಕಿದ ಪಡ್ಡು, ಸುರುಳಿ ಸುತ್ತಿದ ಚಪಾತಿ. ಗರಿ ದೋಸೆ ಡಬ್ಬಾದಲ್ಲಿ ಬೆವತು ಚರ್ಮದ ಹಾಗೆ ಆಗುತ್ತದೆ, ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಮಗು ಬೆರಳೆಣಿಕೆಯ ಪದಾರ್ಥ ಬಿಟ್ಟು ಬೇರೇನೂ ಮುಟ್ಟದಿದ್ದರೆ, ಗಟ್ಟಿ ಆಹಾರ ಬಾಯಿಗಿಟ್ಟಾಗಲೆಲ್ಲ ಓಕರಿಸಿದರೆ, ತೂಕ ಏರುವುದು ನಿಂತಿದ್ದರೆ, ಅಡುಗೆಮನೆಯ ಪ್ರಯೋಗ ಬಿಟ್ಟು ಮಕ್ಕಳ ಡಾಕ್ಟರಿಗೆ ತೋರಿಸಿ. ಹೋಗುವಾಗ ಫೋನಿನಲ್ಲಿ ಬರೆದಿಟ್ಟ ಆ ಪಟ್ಟಿಯನ್ನೂ ತೋರಿಸಿ, ಅವರಿಗೆ ಮೊದಲು ಬೇಕಾಗುವುದು ಅದೇ.