ಮೇಜರ್ ಪದವಿ ಬಿಟ್ಟು ಪೋಲಿಯೋ ಹನಿಯ ಹಿಂದೆ

ಸೇನೆಯ ಮೆಡಿಕಲ್ ಕೋರ್‌ನಲ್ಲಿ ಶಾರ್ಟ್ ಸರ್ವಿಸ್ ಮುಗಿಸಿ ಮೇಜರ್ ಆಗಿ ಹೊರಬಂದಾಗ ನೆಂಟರೆಲ್ಲ ಕೇಳಿದ್ದು ಒಂದೇ: ನರ್ಸಿಂಗ್ ಹೋಮ್ ಯಾವಾಗ? ನಾನು ಹೋಗಿದ್ದು ಬಿಹಾರಕ್ಕೆ, ವಿಶ್ವ ಆರೋಗ್ಯ ಸಂಸ್ಥೆಯ ಪೋಲಿಯೋ ಯೋಜನೆಗೆ.

15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ದಿಢೀರನೆ ಸೋತರೂ ನಮಗೆ ಸುದ್ದಿ ಬರಬೇಕು. ಅದು ಪೋಲಿಯೋ ಹೌದೋ ಅಲ್ಲವೋ ತಿಳಿಯಲು, ಸೋತ 14 ದಿನದೊಳಗೆ ಮಲದ ಎರಡು ಮಾದರಿ, ಅವುಗಳ ನಡುವೆ ಕನಿಷ್ಠ 24 ಗಂಟೆ ಅಂತರ, ಲ್ಯಾಬ್ ತಲುಪುವವರೆಗೂ ಐಸ್. ಈ ಶಿಸ್ತು ನನಗೆ ಹೊಸದಲ್ಲ.

ಸೇನೆಯಲ್ಲಿ ಕಲಿತದ್ದರಲ್ಲಿ ಜಾಸ್ತಿ ಕೈಹಿಡಿದದ್ದು ನಕ್ಷೆ ಓದುವುದು. ಕೋಸಿ ನದಿಯ ಒಡ್ಡುಗಳ ನಡುವಿನ ಊರುಗಳು ಪ್ರವಾಹಕ್ಕೆ ಕೊಚ್ಚಿಹೋಗಿ ಬೇರೆ ಕಡೆ ಏಳುತ್ತವೆ. ಪಟ್ಟಿಯಲ್ಲಿ ಊರಿರುತ್ತದೆ, ನೆಲದ ಮೇಲೆ ಇರುವುದಿಲ್ಲ. ದೋಣಿ ಹತ್ತಿ, ನಡೆದು, ಮನೆ ಎಣಿಸಿ ಪಟ್ಟಿ ತಿದ್ದಬೇಕು.

ಆದರೆ ಗತ್ತು ನಡೆಯುವುದಿಲ್ಲ. ಲಸಿಕೆ ಹಾಕುವವರು, ಎಎನ್‌ಎಂ (ಹಳ್ಳಿಯ ಆರೋಗ್ಯ ಸಹಾಯಕಿ), ಸಿವಿಲ್ ಸರ್ಜನ್ (ಜಿಲ್ಲಾ ಆರೋಗ್ಯ ಮುಖ್ಯಸ್ಥ), ಯಾರೂ ನಮ್ಮ ಕೈಕೆಳಗಿನವರಲ್ಲ. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಗೆ ಸೀಮೆಸುಣ್ಣದಲ್ಲಿ 'ಪಿ', ಯಾವ ಮಗುವಾದರೂ ಬಿಟ್ಟುಹೋದರೆ 'ಎಕ್ಸ್'. ಸಂಜೆ ಸಭೆಯಲ್ಲಿ 'ಇಷ್ಟೊಂದು ಎಕ್ಸ್ ಯಾಕೆ' ಅಂತ ಗದರಿದರೆ ಏನಾಗುತ್ತೆ ಗೊತ್ತಾ? ಮರುದಿನ ಎಲ್ಲ ಬಾಗಿಲ ಮೇಲೂ 'ಪಿ'! ಅದಕ್ಕೇ ನಾನು ಎಕ್ಸ್ ಬರೆದವರನ್ನೇ ಮೊದಲು ಹೊಗಳುತ್ತಿದ್ದೆ. ಹನಿ ಹಾಕಿದ ಗುರುತಿಗೆ ಮಕ್ಕಳ ಎಡಗೈ ಕಿರುಬೆರಳಿಗೆ ಹಚ್ಚುವ ಶಾಯಿಯನ್ನು ಮಾತ್ರ ಬೆಳಿಗ್ಗೆ ಸುಮ್ನೆ ಹೋಗಿ ನೋಡಿ ಬರುತ್ತಿದ್ದೆ.

ಒಂದು ಮನೆಯಲ್ಲಿ ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. "ಪ್ರತಿ ತಿಂಗಳೂ ಈ ಎರಡು ಹನಿ. ಜ್ವರ ಬಂದಾಗ ಯಾರು ಬರ್ತಾರೆ?" ನ್ಯಾಯವೇ ಅಲ್ವಾ? ನನ್ನ ಜೊತೆಗಿದ್ದ ದೀದಿ ವಾದಕ್ಕಿಳಿಯಲಿಲ್ಲ. ಒಳಗೆ ಕೂತು, ಸೊಸೆಯ ಹೆರಿಗೆ ವಿಚಾರ ಕೇಳಿ, ಚಹಾ ಕುಡಿದರು. ಹನಿ ಬಿತ್ತು. ಅಂಥ ಮಾತುಗಾರಿಕೆ ಯಾವ ಅಕಾಡೆಮಿಯಲ್ಲೂ ಹೇಳಿಕೊಡುವುದಿಲ್ಲ.

2010ರ ಜನವರಿಯಲ್ಲಿ ಎರಡು ಬಗೆಯ ಪೋಲಿಯೋ ವೈರಸ್‌ಗೆ ಒಟ್ಟಿಗೆ ಕೆಲಸ ಮಾಡುವ ಲಸಿಕೆ ಬಂತು. ಮರುವರ್ಷ ಜನವರಿ 13ಕ್ಕೆ ಹೌರಾದಲ್ಲಿ ಕಂಡದ್ದೇ ದೇಶದ ಕೊನೆಯ ಕಾಡು ಪೋಲಿಯೋ (ಲಸಿಕೆಯಿಂದಲ್ಲದೆ ಸಹಜವಾಗಿ ಹರಡುವ ವೈರಸ್‌ನದು) ಪ್ರಕರಣ. 2014ರ ಮಾರ್ಚ್ 27ರಂದು ದೇಶ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆಮೇಲೆ ನಾನು ನೈಜೀರಿಯಾದ ಕಾನೋಗೆ ಹೋದೆ. ಅಲ್ಲೂ ಹನಿ, ಐಸ್, ಬೆರಳಿಗೆ ಶಾಯಿ. ಹೌಸಾ ಭಾಷೆ ಕಲಿಯಲು ಮಾತ್ರ ಹೆಣಗಾಡಿದೆ.

ಸೇನೆ ಬಿಡುವ ಡಾಕ್ಟರುಗಳು ಈಗ ಕೇಳುತ್ತಾರೆ, 'ಸಾರ್, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮೊದಲು ಮಾಡಬೇಕಾ?' ನಾನು ಮಾಡಿದ್ದು ಬಿಹಾರ ಸುತ್ತಿದ ಮೇಲೆ. ಪಾಠದಲ್ಲಿ ಬಂದ ಪ್ರತಿ ಅಂಕಿಗೂ ಒಂದು ಊರು ನೆನಪಾಗುತ್ತಿತ್ತು. ಹಾಗೆ ಓದುವುದೇ ವಾಸಿ ಅಂತ ನನಗನ್ನಿಸುತ್ತೆ.