ತಡೆಯ ಮುಂದೆ ಕುದುರೆ ಕೈಮೀರಿದರೆ ಯಾವ ಕಡಿವಾಣ?

ಜಿಗಿದು ದಾಟಬೇಕಾದ ತಡೆಗೆ ಇನ್ನು ಮೂರೇ ನೆಗೆತ (ಓಟದ ಹೆಜ್ಜೆ) ಇರುವಾಗ ಕುದುರೆ ಲಗಾಮನ್ನು ಕೈಯಿಂದ ಕಿತ್ತುಕೊಂಡಂತೆ ಮುನ್ನುಗ್ಗಿದರೆ ಸವಾರನಿಗೆ ಮೊದಲು ಹೊಳೆಯುವುದು ಒಂದೇ: ಇನ್ನೂ ಬಿಗಿಯಾದ ಕಡಿವಾಣ ಬೇಕು. ನನಗೂ ಹಾಗೆಯೇ ಅನ್ನಿಸಿತ್ತು. ಲಗಾಮಿನ ಎಳೆತ ನೇರವಾಗಿ ಬಾಯಿಗೆ ತಲಪುವ ಸಾದಾ ಸ್ನ್ಯಾಫಲ್ ತೆಗೆದು, ಆ ಎಳೆತವನ್ನು ಸನ್ನೆಗೋಲಿನಂತೆ ಹೆಚ್ಚಿಸುವ ಮೂರು ಬಳೆಯ ಗ್ಯಾಗ್ ಹಾಕಿ, ಲಗಾಮನ್ನು ತೀರ ಕೆಳಗಿನ ಬಳೆಗೆ ಸೇರಿಸಿದೆ. ಎರಡು ದಿನ ಕುದುರೆ ಹೇಳಿದಂತೆ ಕೇಳಿತು. ಮೂರನೆಯ ದಿನ ತಡೆಯ ಮುಂದೆ ನಿಂತೇಬಿಟ್ಟಿತು. ಅದು ಮೇಲೆದ್ದಾಗ ನನ್ನ ಕೈ ಹಿಂದೆಯೇ ಉಳಿಯುತ್ತಿತ್ತು, ಪ್ರತಿ ಜಿಗಿತಕ್ಕೂ ಬಾಯಿಗೆ ಪೆಟ್ಟು ಬೀಳುತ್ತಿತ್ತು. ನಿಲ್ಲದೆ ಅದು ಇನ್ನೇನು ಮಾಡಬೇಕಿತ್ತು?

ಜಿಗಿತದಲ್ಲಿ ಹಿಡಿತ ಎಂದರೆ ಎರಡು ಕೆಲಸ. ತಡೆಗಳ ನಡುವೆ ವೇಗ ತಗ್ಗಿಸಿ ತಿರುಗಿಸುವುದು ಒಂದು. ತಡೆಯ ಮೇಲೆ ಕುದುರೆ ಕತ್ತು ಚಾಚುವಾಗ ಬಾಯಿಯನ್ನು ಪೂರ್ತಿ ಬಿಟ್ಟುಕೊಡುವುದು ಇನ್ನೊಂದು. ಕಡಿವಾಣ ಆರಿಸುವಾಗ ಮೊದಲನೆಯದಷ್ಟೇ ನೆನಪಿರುತ್ತದೆ. ಕೈ ಸಡಿಲಿಸಿದ ಕ್ಷಣವೇ ಒತ್ತಡ ಇಳಿಯುವಂಥ ಕಡಿವಾಣವೇ ಜಿಗಿತಕ್ಕೆ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಹಂತಗಳೆಲ್ಲ ಈ ಅಳತೆಗೋಲನ್ನೇ ಹಿಡಿದು ಸಾಗುತ್ತವೆ.

ಮೊದಲು ಬಾಯಿ ತೆರೆಸಿ ನೋಡಿ

ಕುದುರೆಯ ಮುಂಬಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಜಾಗವಿದೆ. ಕಡಿವಾಣ ಕೂರುವುದು ಅಲ್ಲಿ. ಕೆಳದವಡೆಯ ಆ ಭಾಗದಲ್ಲಿ ಎಲುಬಿನ ಮೇಲೆ ತೆಳುವಾದ ಒಸಡಷ್ಟೇ ಇರುತ್ತದೆ, ಉಳಿದ ಒತ್ತಡವನ್ನೆಲ್ಲ ನಾಲಗೆಯೂ ತುಟಿಯ ಮೂಲೆಗಳೂ ಹೊರುತ್ತವೆ. ಕೆಲವು ಕುದುರೆಗಳಿಗೆ ದವಡೆ ಹಲ್ಲುಗಳ ಮುಂದೆ ‘ತೋಳಹಲ್ಲು’ ಎಂಬ ಪುಟ್ಟ ಹಲ್ಲು ಇರುತ್ತದೆ. ಕಡಿವಾಣ ಅದಕ್ಕೆ ತಾಗಿದರೆ ನೋವಾಗುತ್ತದೆ. ಚೂಪಾದ ಹಲ್ಲಿನ ಅಂಚು ಕೆನ್ನೆಯ ಒಳಭಾಗವನ್ನು ಕೊಯ್ದಿರಲೂಬಹುದು. ತಿಂಗಳುಗಟ್ಟಲೆ ಸುಮ್ಮನಿದ್ದ ಕುದುರೆ ಇದ್ದಕ್ಕಿದ್ದಂತೆ ಎಳೆಯತೊಡಗಿದರೆ ಮೊದಲು ಪಶುವೈದ್ಯರನ್ನು ಕರೆಸಿ ಹಲ್ಲು, ಬೆನ್ನು, ಜೀನು ಮೂರನ್ನೂ ಪರೀಕ್ಷಿಸಿ. ನೋವಿನಿಂದ ಓಡುವ ಕುದುರೆಗೆ ಬಲವಾದ ಕಡಿವಾಣ ಹಾಕಿದರೆ ಅದು ಇನ್ನೂ ಜೋರಾಗಿ ಓಡುತ್ತದೆ.

ಅಳತೆ

ಬಾಯೊಳಗಿನ ಕಂಬಿಯನ್ನು ನೇರವಾಗಿ ಹಿಡಿದಾಗ ತುಟಿಗೂ ಬಳೆಗೂ ನಡುವೆ ಪ್ರತಿ ಬದಿಯಲ್ಲಿ ಸುಮಾರು 5 ಮಿಲಿಮೀಟರ್ ಬಿಡುವಿರಲಿ. ಹೆಚ್ಚಾದರೆ ಕಂಬಿ ಅತ್ತಿತ್ತ ಜಾರುತ್ತದೆ, ಕಡಿಮೆಯಾದರೆ ತುಟಿ ಚಿವುಟುತ್ತದೆ. ದಪ್ಪ ಸಾಮಾನ್ಯವಾಗಿ 14ರಿಂದ 18 ಮಿಲಿಮೀಟರ್. ತೆಳು ಕಂಬಿಯ ಒತ್ತಡ ಸಣ್ಣ ಜಾಗದಲ್ಲಿ ಕೇಂದ್ರೀಕರಿಸುವುದರಿಂದ ಅದು ಹರಿತ, ನಿಜ. ಆದರೆ ದಪ್ಪಗಿದ್ದಷ್ಟೂ ಮೃದು ಎಂದುಕೊಳ್ಳಬೇಡಿ. ನಾಲಗೆ ದಪ್ಪಗಿದ್ದು ಅಂಗುಳ ತಗ್ಗಾಗಿರುವ ಕುದುರೆಗೆ ದಪ್ಪ ಕಂಬಿ ಬಾಯಿ ತುಂಬಿಕೊಂಡು ಹಿಂಸೆಯಾಗುತ್ತದೆ. ಮೂಗುಪಟ್ಟಿಯನ್ನು ಬಿಗಿದು ಬಾಯಿ ಮುಚ್ಚಿಸಿದರೆ ಆ ಹಿಂಸೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಮೂಗಿನ ಎಲುಬಿಗೂ ಪಟ್ಟಿಗೂ ನಡುವೆ ಎರಡು ಬೆರಳು ಹೋಗಬೇಕು.

ಕುದುರೆ ಏನು ಮಾಡುತ್ತಿದೆ?

‘ಎಳೆಯುತ್ತದೆ’ ಎಂಬ ಒಂದೇ ಮಾತಿನಿಂದ ಕಡಿವಾಣ ಆರಿಸಲಾಗದು. ಯಾರಿಂದಾದರೂ ಬದಿಯಿಂದ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿ, ತಡೆಗೆ ಮುಂಚಿನ ಐದಾರು ನೆಗೆತಗಳನ್ನು ನಿಧಾನವಾಗಿ ನೋಡಿ.

ತಲೆ ತಗ್ಗಿಸಿ ಕೈಯ ಮೇಲೆ ಭಾರ ಹಾಕುತ್ತಿದೆಯೇ? ಆಗ ಎರಡು ಕೀಲುಗಳ ನಡುವೆ ಪುಟ್ಟ ಗುಂಡಿರುವ ಲೂಸ್ ರಿಂಗ್ ಸ್ನ್ಯಾಫಲ್‌ನಿಂದ ಆರಂಭಿಸಿ. ಬಳೆಗಳು ಸದಾ ಅಲುಗಾಡುವುದರಿಂದ ಕುದುರೆಗೆ ಅದರ ಮೇಲೆ ಒರಗಲು ನಿಂತ ಆಸರೆ ಸಿಗದು. ಅದೂ ಸಾಲದಿದ್ದರೆ ಗ್ಯಾಗ್. ಅದು ತುಟಿಯ ಮೂಲೆಗಳಲ್ಲಿ ಮೇಲಕ್ಕೆ ಎತ್ತುತ್ತದೆ, ನೆತ್ತಿಯ ಹಿಂಭಾಗವನ್ನೂ ಒತ್ತುತ್ತದೆ.

ತಲೆ ಎತ್ತಿ ಬೆನ್ನು ತಗ್ಗಿಸಿ ಓಡುವ ಕುದುರೆಗೆ ಗ್ಯಾಗ್ ಸಲ್ಲದು. ಒಂದೇ ಕೀಲಿನ ಕಂಬಿಯಿಂದ ನಾಲಗೆ ತಪ್ಪಿಸಿಕೊಳ್ಳಲು ಅದು ತಲೆ ಎತ್ತುತ್ತಿರಬಹುದು. ಮೊದಲು ಕೀಲಿಲ್ಲದೆ ಸ್ವಲ್ಪ ಬಾಗಿದ ಮಲನ್ ಮೌತ್ ಕಂಬಿಯನ್ನು ಪ್ರಯತ್ನಿಸಿ. ಆಮೇಲೆ ಬೇಕಿದ್ದರೆ ಪೆಲ್ಹಮ್, ಅಂದರೆ ಬದಿಗಳಲ್ಲಿ ಉದ್ದ ತೋಳು, ಗದ್ದದ ಕೆಳಗೆ ಸರಪಳಿ, ಎರಡು ಲಗಾಮು ಇರುವ ಕಡಿವಾಣ.

ನೇರವಾಗಿ ಚೆನ್ನಾಗಿ ಓಡಿ ತಿರುವಿನಲ್ಲಿ ಮಾತ್ರ ಭುಜ ಹೊರಗೆ ಹಾಕುವ ಕುದುರೆಗೆ ಫುಲ್ ಚೀಕ್ (ಬದಿಯಲ್ಲಿ ನೀಳ ಕಡ್ಡಿಯಿರುವ) ಅಥವಾ ಡಿ ರಿಂಗ್ (D ಆಕಾರದ ಬಳೆಯ) ಸ್ನ್ಯಾಫಲ್. ಅವುಗಳ ನೇರ ಬದಿ ಕೆನ್ನೆಯನ್ನು ತಳ್ಳಿ ತಿರುವನ್ನು ಸ್ಪಷ್ಟಪಡಿಸುತ್ತದೆ.

ತಡೆ ಕಂಡೊಡನೆ ಗಾಬರಿಯಿಂದ ಧಾವಿಸುವ ಕುದುರೆಯ ಔಷಧ ಕಡಿವಾಣದಲ್ಲಿಲ್ಲ. ನೆಲದ ಮೇಲಿನ ಕಂಬಗಳು, ಟ್ರಾಟ್‌ನಲ್ಲಿ (ನಿಧಾನ ಓಟದಲ್ಲಿ) ದಾಟುವ ತಗ್ಗು ತಡೆಗಳು, ವೃತ್ತಗಳು, ತಾಳ್ಮೆ, ಇವೇ ಅದಕ್ಕೆ ಮದ್ದು.

ಸನ್ನೆಗೋಲಿನ ಲೆಕ್ಕ

ಪೆಲ್ಹಮ್‌ನಲ್ಲಿ ಕಂಬಿಯ ಮೇಲಿನ ತೋಳು 5, ಕೆಳಗಿನ ತೋಳು 10 ಸೆಂಟಿಮೀಟರ್ ಎಂದುಕೊಳ್ಳಿ. ಗದ್ದದ ಕೆಳಗಿನ ಸರಪಳಿ ಬಿಗಿಯಾದ ಮೇಲೆ ಕೆಳಲಗಾಮನ್ನು 1 ಕಿಲೋದಷ್ಟು ಎಳೆದರೆ ಸರಪಳಿಯ ಮೇಲೆ ಸುಮಾರು 2, ಬಾಯಿಯ ಮೇಲೆ ಸುಮಾರು 3 ಕಿಲೋದಷ್ಟು ಬಲ ಬೀಳುತ್ತದೆ. ಜಿಗಿತದಲ್ಲಿ ಸಮತೋಲ ತಪ್ಪಿ ಲಗಾಮಿಗೆ ಜೋತುಬಿದ್ದರೂ ಇದೇ ಲೆಕ್ಕ. ಆದ್ದರಿಂದ ಪೆಲ್ಹಮ್ ಆಗಲಿ ಗ್ಯಾಗ್ ಆಗಲಿ, ಎರಡು ಲಗಾಮು ಹಿಡಿಯಲು ಕಲಿಯಿರಿ. ಮೇಲಿನದರಲ್ಲಿ ಸದಾ ಸಂಪರ್ಕ, ಕೆಳಗಿನದು ಬೇಕಾದಾಗ ಮಾತ್ರ. ಎರಡನ್ನೂ ಚರ್ಮದ ತುಂಡಿನಿಂದ ಸೇರಿಸಿ ಒಂದೇ ಲಗಾಮು ಕಟ್ಟುವ ರೂಢಿಯಿದೆ. ಕೈಗೆ ಅದು ಸುಲಭ, ಕುದುರೆಗೆ ಮಾತ್ರ ಎರಡು ಸಂದೇಶಗಳೂ ಕಲಸಿಹೋಗುತ್ತವೆ.

ಕಂಬಿಯನ್ನೇ ಸಹಿಸದ ಕುದುರೆಗೆ, ಮೂಗಿನ ಮೇಲಿನ ಪಟ್ಟಿಯಿಂದ ಹಿಡಿತ ಕೊಡುವ ಹ್ಯಾಕಮೋರ್ ಇದೆ. ಬಾಯಲ್ಲಿ ಏನೂ ಇಲ್ಲದಿದ್ದರೂ ಉದ್ದ ತೋಳಿನದು ಬಹಳ ಬಲವಾದದ್ದು. ಪಟ್ಟಿ ಮೂಗಿನ ಎಲುಬಿನ ಮೇಲೆ ಕೂರಬೇಕು. ಕೆಳಗಿನ ಮೃದು ಭಾಗಕ್ಕೆ ಇಳಿದರೆ ಉಸಿರಿಗೆ ಅಡ್ಡಿಯಾಗುತ್ತದೆ.

ಪ್ರಯೋಗ

ಹೊಸ ಕಡಿವಾಣವನ್ನು ಸ್ಪರ್ಧೆಯ ದಿನ ಹಾಕಬೇಡಿ. ಕೆಲವು ದಿನ ಸಮತಟ್ಟು ನೆಲ, ಆಮೇಲೆ ನೆಲದ ಕಂಬಗಳು, ಆಮೇಲೆ ತಗ್ಗಾದ ಅಡ್ಡಕಂಬ. ಕ್ಯಾಂಟರ್‌ನಲ್ಲಿ (ಟ್ರಾಟ್‌ಗಿಂತ ವೇಗದ ಓಟದಲ್ಲಿ) ಮೈಯನ್ನು ನೆಟ್ಟಗೆ ಮಾಡಿ ಲಘುವಾಗಿ ಹಿಡಿದು ನಾಲ್ಕೈದು ನೆಗೆತಗಳಲ್ಲಿ ವೇಗ ಇಳಿಯುತ್ತದೆಯೇ ನೋಡಿ. ಕೂಡಲೇ ಕೈ ಮುಂದೆ ಬಿಡಿ. ಕುದುರೆ ಕತ್ತು ಚಾಚಿದರೆ ಕಡಿವಾಣ ಒಪ್ಪಿತು. ಗದ್ದವನ್ನು ಎದೆಗೆ ಒತ್ತಿಕೊಂಡೇ ಉಳಿದರೆ ಅದು ಹೆದರಿದೆ ಎಂದು ತಿಳಿದು ಒಂದು ಮೆಟ್ಟಿಲು ಕೆಳಗಿನದಕ್ಕೆ ಇಳಿಯಿರಿ.

ಒಂದು ಕಾಲದಲ್ಲಿ ಸವಾರರು ತಡೆಯ ಮೇಲೆ ಹಿಂದಕ್ಕೆ ಒರಗಿ ಲಗಾಮನ್ನು ಹಿಡಿದೇ ಇರುತ್ತಿದ್ದರು. ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕ್ಯಾಪ್ರಿಲ್ಲಿ (1868–1907) ಮುಂದಕ್ಕೆ ಬಾಗಿ, ಕೈಯನ್ನು ಕುದುರೆಯ ಬಾಯಿಯತ್ತ ಕೊಂಡೊಯ್ಯುವ ಕ್ರಮವನ್ನು ರೂಪಿಸಿದ. ಇಂದು ನಾವು ಕಲಿಯುವುದು ಅದನ್ನೇ. ಕೈ ಇನ್ನೂ ಹಿಂದುಳಿಯುತ್ತಿದ್ದರೆ ಕುತ್ತಿಗೆಗೊಂದು ಪಟ್ಟಿ ಕಟ್ಟಿ, ಜಿಗಿಯುವಾಗ ಅದನ್ನು ಅಥವಾ ಜೂಲನ್ನು ಹಿಡಿದುಕೊಳ್ಳಿ. ನನ್ನ ಕುದುರೆ ಮತ್ತೆ ಜಿಗಿಯತೊಡಗಿದ್ದು ಗ್ಯಾಗ್ ಕಳಚಿ ಈ ಪಟ್ಟಿ ಕಟ್ಟಿದ ಮೇಲೆ.

ಪ್ರತಿ ಸವಾರಿಯ ನಂತರ ತುಟಿಯ ಮೂಲೆಗಳನ್ನು ನೋಡಿ. ಚರ್ಮ ಕೆಂಪಾಗಿದ್ದರೆ, ಸುಲಿದಿದ್ದರೆ ಮರುದಿನ ಕಡಿವಾಣ ಹಾಕಬೇಡಿ. ಬಳೆ ತೂರುವ ರಂಧ್ರದ ಅಂಚಿನ ಮೇಲೂ ಬೆರಳಾಡಿಸಿ. ಸವೆದು ಚೂಪಾಗಿದ್ದರೆ ಆ ಕಡಿವಾಣವನ್ನು ಎಸೆದುಬಿಡಿ.