ಕೈಯಲ್ಲ, ಕತ್ತು ಮುಟ್ಟಿ ನೋಡಿ: ಚಳಿಗಾಲದಲ್ಲಿ ಪ್ರಾಮ್ ತಳ್ಳಿದ ನನ್ನ ಅನುಭವ

ನನ್ನ ಮಗಳು ಹುಟ್ಟಿದ್ದು ಅಕ್ಟೋಬರ್ ಕೊನೆಗೆ, ಸ್ಕಾಟ್ಲೆಂಡ್‌ನ ಎಡಿನ್‌ಬರ್ಗ್‌ನಲ್ಲಿ. ಬಾಣಂತನಕ್ಕೆ ಧಾರವಾಡದಿಂದ ಅವ್ವ ಬಂದಿದ್ದಳು. ಬರುವಾಗ ಎರಡು ಉಣ್ಣೆ ಕುಲಾವಿ, ಒಂದು ಕುಂಚಿಗಿ, ತನ್ನ ಹಳೆ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ಪುಟ್ಟ ಕೌದಿ ತಂದಿದ್ದಳು.

ಊರಲ್ಲಾಗಿದ್ದರೆ ಮೂರು ತಿಂಗಳು ಕೂಸಿಗೆ ಹೊಸ್ತಿಲು ದಾಟಿಸುತ್ತಿರಲಿಲ್ಲ. ಇಲ್ಲಿ ಹಾಗೆ ಕೂರೋಕೆ ಆಗಲ್ಲ. 21 ದಿನದೊಳಗೆ ಜನನ ನೋಂದಣಿ ಮಾಡಿಸಬೇಕು, 8 ವಾರಕ್ಕೆ ಮೊದಲ ಲಸಿಕೆ. ಹಾಲು ಕುಡಿಯುವ ಕೂಸು, ನಾನು ಹೋದಲ್ಲೆಲ್ಲ ಅವಳೂ ಬರಲೇಬೇಕು. ಡಿಸೆಂಬರ್‌ನಲ್ಲಿ ಇಲ್ಲಿ ಬೆಳಗಾಗುವುದು ಎಂಟೂವರೆ ದಾಟಿದ ಮೇಲೆ, ನಾಲ್ಕರೊಳಗೆ ಸೂರ್ಯ ಮುಳುಗಿರುತ್ತಾನೆ. ಚಳಿಗಿಂತ ಜಾಸ್ತಿ ಕಾಡುವುದು ಗಾಳಿ.

ಮೊದಲ ಸಲ ಲಸಿಕೆಗೆ ಹೊರಟ ದಿನ ಅವ್ವ, ನಾನು ಸೇರಿ ಅವಳಿಗೆ ಹಾಕದೇ ಬಿಟ್ಟ ಬಟ್ಟೆ ಇಲ್ಲ. ಒಳಗೆ ಬನಿಯನ್, ಮೇಲೆ ಪೂರ್ತಿ ಮೈ ಮುಚ್ಚುವ ಸೂಟ್, ಸ್ವೆಟರ್, ಅದರ ಮೇಲೆ ಹತ್ತಿ ತುಂಬಿದಂಥ ದಪ್ಪ ಸೂಟ್, ಕುಲಾವಿ, ಕೊನೆಗೆ ಕೌದಿ. ಬಸ್ಸಿನಲ್ಲಿ ಹೀಟರ್ ಹಾಕಿದ್ದರು. ಅವಳು ಪ್ರಾಮಿನಲ್ಲಿ, ಅಂದರೆ ಕೂಸನ್ನು ಮಲಗಿಸಿ ತಳ್ಳುವ ಗಾಡಿಯಲ್ಲಿ, ಗಾಢ ನಿದ್ದೆಯಲ್ಲಿದ್ದಳು. ಎಬ್ಬಿಸುವುದು ಯಾಕೆ ಅಂತ ನಾನು ಏನನ್ನೂ ತೆಗೆಯಲಿಲ್ಲ. ಇಪ್ಪತ್ತು ನಿಮಿಷ ಆದ ಮೇಲೆ ಇಳಿದು, ಕ್ಲಿನಿಕ್‌ನಲ್ಲಿ ಎತ್ತಿಕೊಂಡರೆ ಮುಖವೆಲ್ಲ ಕೆಂಪು, ಬೆನ್ನಿಗೆ ಕೈ ಹಾಕಿದರೆ ಬನಿಯನ್ ಒದ್ದೆ. ಕತ್ತಿನ ಹಿಂದಿನ ಸಣ್ಣ ಕೂದಲು ಬೆವರಿಗೆ ಚರ್ಮಕ್ಕೆ ಅಂಟಿಕೊಂಡಿತ್ತು. ನನಗೆ ಕೈಕಾಲು ನಡುಗಿತು. ಅದೇ ಒದ್ದೆ ಬಟ್ಟೆಯಲ್ಲಿ ಹೊರಗೆ ಹೋಗಿದ್ದರೆ ಮತ್ತೆ ಚಳಿ ಹಿಡಿಯುತ್ತಿತ್ತು ಅಲ್ವಾ.

ಎಳೆ ಮಕ್ಕಳನ್ನು ನೋಡಿಕೊಳ್ಳಲು ನಮ್ಮ ಮನೆಗೆ ಬರುತ್ತಿದ್ದ ಹೆಲ್ತ್ ವಿಸಿಟರ್‌ ಎಂಬ ನರ್ಸ್‌ಗೆ ಇದನ್ನು ಹೇಳಿದೆ. ಅವರು ಬೈಯಲಿಲ್ಲ. ಕೂಸಿನ ಪಕ್ಕ ಕೂತು ನನ್ನ ಎರಡು ಬೆರಳನ್ನು ಅವಳ ಕತ್ತಿನ ಹಿಂದೆ, ಕಾಲರ್ ಒಳಗೆ ಇಡಿಸಿದರು. ಇಲ್ಲಿ ಬೆಚ್ಚಗಿದ್ದು ಒಣಗಿದ್ದರೆ ಸಾಕು. ಬಿಸಿ, ಜಿಗುಟು ಅನಿಸಿದರೆ ಒಂದು ಪದರ ತೆಗೆಯಬೇಕು. ತಣ್ಣಗಿದ್ದರೆ ಒಂದು ಸೇರಿಸಬೇಕು. ಎಳೆ ಕೂಸಿನ ಕೈಕಾಲು ತಣ್ಣಗಿರುವುದು ಸಹಜ, ಅದನ್ನು ನೋಡಿ ಬಟ್ಟೆ ಹೇರಬಾರದು. ತಣ್ಣಗಾಗುವುದನ್ನು ಮಾತ್ರ ನಾವು ನೋಡುತ್ತೇವೆ. ಆದರೆ ಮೈ ಅತಿಯಾಗಿ ಬಿಸಿಯಾದರೆ ನಿದ್ದೆಯಲ್ಲಿ ಹಠಾತ್ತಾಗಿ ಸಾಯುವ ಅಪಾಯ ಹೆಚ್ಚುತ್ತದೆ ಅನ್ನುವುದು ನನಗೆ ಅವತ್ತೇ ಗೊತ್ತಾಗಿದ್ದು.

ಅವ್ವ ಒಪ್ಪಲು ಒಂದು ವಾರ ಬೇಕಾಯಿತು. "ಕೂಸಿನ ಕೈ ಮಂಜಿನಂಗ ಆಗ್ಯಾವು, ನೀ ಸ್ವೆಟರ್ ತಗೀತೀನಿ ಅಂತೀಯಲ್ಲ" ಅಂತ ಬೇಸರ ಮಾಡಿಕೊಂಡಳು. ಆಮೇಲೆ ದಿನಾ ತಾನೇ ಕತ್ತಿಗೆ ಬೆರಳು ಇಟ್ಟು ನೋಡೋಕೆ ಶುರು ಮಾಡಿದಳು.

ಅಲ್ಲಿಂದ ನಾನು ದಪ್ಪ ಬಟ್ಟೆ ಬಿಟ್ಟು ತೆಳು ಪದರಗಳಿಗೆ ಬಂದೆ. ಬನಿಯನ್, ಪಾದದವರೆಗೂ ಮುಚ್ಚುವ ಹತ್ತಿ ಸೂಟ್, ಉಣ್ಣೆಯ ಕಾರ್ಡಿಗನ್, ಕುಲಾವಿ. ಲೆಕ್ಕ ಸುಲಭ: ನಾನು ಹಾಕಿದ್ದಕ್ಕಿಂತ ಒಂದು ಪದರ ಜಾಸ್ತಿ. ನಾನು ಗಾಡಿ ತಳ್ಳುತ್ತಾ ನಡೆದು ಬೆಚ್ಚಗಾಗುತ್ತೇನೆ, ಅವಳು ಅಲುಗಾಡದೆ ಮಲಗಿರುತ್ತಾಳೆ, ಅದಕ್ಕೇ ಆ ಒಂದು ಪದರ. ಹೊದಿಕೆಗೆ ಸಣ್ಣ ಸಣ್ಣ ತೂತುಗಳಿರುವ ಹತ್ತಿಯ ಸೆಲ್ಯುಲಾರ್ ಬ್ಲಾಂಕೆಟ್. ಅದನ್ನು ಮಡಚಿ ಹೊದಿಸಿದರೆ ಎರಡು ಹೊದಿಕೆ ಅಂತಲೇ ಲೆಕ್ಕ. ಪಾದ ಪ್ರಾಮಿನ ಕೆಳತುದಿಗೆ ತಾಗುವಂತೆ ಮಲಗಿಸಿ, ಹೊದಿಕೆಯನ್ನು ಭುಜದವರೆಗೆ ಮಾತ್ರ ಎಳೆದು, ಎರಡೂ ಬದಿಯ ಅಂಚನ್ನು ಹಾಸಿಗೆಯ ಕೆಳಗೆ ಗಟ್ಟಿಯಾಗಿ ಸಿಕ್ಕಿಸುತ್ತೇನೆ. ಆಗ ಅವಳು ಒದ್ದರೂ ಮುಖದ ಮೇಲೆ ಬರುವುದಿಲ್ಲ.

ಅಂಗಡಿ, ಬಸ್ಸು, ಯಾವುದರ ಒಳಗೆ ಹೋದರೂ ಮೊದಲು ಕುಲಾವಿ ತೆಗೆಯುವುದು, ಆಮೇಲೆ ಹೊದಿಕೆ. ನಿದ್ದೆಯಿಂದ ಎದ್ದರೂ ಪರವಾಗಿಲ್ಲ. ಕಾರಿನ ಸೀಟಿನಲ್ಲಿ ಆ ದಪ್ಪ ಸೂಟ್ ಹಾಕುವುದೇ ಇಲ್ಲ. ಅದನ್ನು ಹಾಕಿದರೆ ಬೆಲ್ಟ್ ಬಿಗಿಯಾದಂತೆ ಕಂಡರೂ ಒಳಗೆ ಸಡಿಲವೇ ಇರುತ್ತದೆ. ಬೆಲ್ಟ್ ಕಟ್ಟಿದ ಮೇಲೆ ಹೊದಿಕೆ ಹೊದಿಸುತ್ತೇನೆ.

ಕೌದಿಯದ್ದೇ ಒಂದು ಕಥೆ. ಮೇಲೆ ಹೊದಿಸಿದರೆ ಭಾರ, ಬಿಸಿಯೂ ಜಾಸ್ತಿ. ಆದರೆ ಒಂದು ದಿನ ಹಾಸಿಗೆಯ ಕೆಳಗೆ ಕೈ ಹಾಕಿ ನೋಡಿದೆ, ಪ್ರಾಮಿನ ತಳ ಕಲ್ಲಿನ ಹಾಗೆ ತಣ್ಣಗಿತ್ತು. ಅಡಿಯಲ್ಲಿ ಗಾಳಿ ಓಡಾಡುತ್ತದಲ್ಲ, ಚಳಿ ಕೆಳಗಿನಿಂದಲೂ ಬರುತ್ತದೆ. ಕೌದಿಯನ್ನು ಹಾಸಿಗೆಯ ಕೆಳಗೆ ಸಮವಾಗಿ ಹರಡಿದೆ. ಕೂಸು ಮಲಗುವ ಜಾಗ ಮೊದಲಿನಷ್ಟೇ ಗಟ್ಟಿ, ಮೊದಲಿನಷ್ಟೇ ಸಪಾಟು. ಬೆನ್ನ ಕೆಳಗಿನ ಥಂಡಿ ಮಾತ್ರ ನಿಂತಿತು. ಅವ್ವನ ಮುಖ ಅವತ್ತು ಅರಳಿದ್ದು ನನಗಿನ್ನೂ ನೆನಪಿದೆ.

ಒಂದು ಮಾತು ಒತ್ತಿ ಹೇಳಬೇಕು. ಗಾಳಿ ಬರುತ್ತದೆ ಅಂತ ಪ್ರಾಮಿನ ಬಾಯಿಗೆ ಶಾಲು ಮುಚ್ಚಬೇಡಿ. ಒಳಗೆ ಗಾಳಿ ಆಡುವುದಿಲ್ಲ, ಬಿಸಿ ಏರುತ್ತದೆ, ಮಗು ಕಾಣುವುದೂ ಇಲ್ಲ. ಊರಲ್ಲಿ ಬಿಸಿಲಿಗೆ ದುಪಟ್ಟಾ ಮುಚ್ಚುತ್ತಾರಲ್ಲ, ಅದೂ ಅಷ್ಟೇ ಅಪಾಯ. ನಾನು ಪ್ರಾಮಿನ ಕೊಡೆ ಎಳೆದು, ಗಾಳಿಗೆ ಬೆನ್ನಾಗುವ ದಾರಿ ಹಿಡಿಯುತ್ತಿದ್ದೆ. ಮಳೆಯ ಪ್ಲಾಸ್ಟಿಕ್ ಕವರ್ ಮಳೆ ನಿಂತ ತಕ್ಷಣ ತೆಗೆಯುವುದು, ಒಳಗೆ ಹೋದರಂತೂ ಖಂಡಿತ.

ಆರು ತಿಂಗಳಾದ ಮೇಲೆ ಅವಳು ಕೂರುವ ಸೀಟಿಗೆ ಬಂದಳು. ಹೊದಿಕೆ ಒದ್ದು ಬೀಳಿಸುವ ವಯಸ್ಸು. ಮುಂದಿನ ಚಳಿಗಾಲಕ್ಕೆ ಫುಟ್‌ಮಫ್ ಕೊಂಡೆ, ಅಂದರೆ ಸೀಟಿಗೆ ಕಟ್ಟುವ, ಕಾಲಿನಿಂದ ಎದೆವರೆಗಿನ ಬೆಚ್ಚನೆ ಚೀಲ. ಮುಂಭಾಗ ಪೂರ್ತಿ ಜಿಪ್ ಬಿಚ್ಚುವಂಥದ್ದನ್ನೇ ಆರಿಸಿದೆ. ಬಸ್ಸು ಹತ್ತಿದ ಕೂಡಲೇ ಒಂದೇ ಕೈಯಲ್ಲಿ ಸರ್ ಅಂತ ಬಿಚ್ಚಬಹುದು.